2¹²⁷ − 1ರ ಲೆಕ್ಕ: ಹುಣಸೆ ಬೀಜದಲ್ಲಿ 7ರ ಹಲಗೆ ಮುಗೀತು

170141183460469231731687303715884105727. ಒಟ್ಟು 39 ಅಂಕಿ. ಇದು 2¹²⁷ − 1. ಇದು ಅವಿಭಾಜ್ಯ ಅಂತ ಫ್ರಾನ್ಸಿನ ಗಣಿತಜ್ಞ ಎಡ್ವರ್ಡ್ ಲುಕಾಸ್ 1876ರಲ್ಲೇ ತೋರಿಸಿದರು, ಅದೂ ಯಂತ್ರದ ನೆರವಿಲ್ಲದೆ. 1951ರವರೆಗೂ ಇದಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ ಯಾರ ಕೈಗೂ ಸಿಕ್ಕಿರಲಿಲ್ಲ. ಆ ಲೆಕ್ಕದ ದಾರಿಯನ್ನು ನಾನೂ ಕೈಯಾರೆ ಮಾಡಿ ನೋಡಬೇಕು ಅನ್ನೋದೇ ಈ ಕೆಲಸ.

ಕಂಪ್ಯೂಟರಿನಲ್ಲಿ, ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡಿದ ಭಾಗ ಬೇಗ ಆಯ್ತು. 4ರಿಂದ ಶುರು ಮಾಡಿ, ವರ್ಗ ಮಾಡಿ, 2 ಕಳೆದು, 2¹²⁷ − 1ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಬೇಕು. ಹೀಗೆ 125 ಸಲ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ. ಬಂತು! ಈ 4 ಆಮೇಲೆ ಅಮೆರಿಕದ ಗಣಿತಜ್ಞ ಲೆಹ್ಮರ್ ಕೊಟ್ಟದ್ದು, ಲುಕಾಸ್ ಹೊರಟಿದ್ದು 3ರಿಂದ. 3 ಹಾಕಿದರೂ ಇಲ್ಲಿ ಸೊನ್ನೆಯೇ. ಆದರೆ ಘಾತ 13 ಆದಾಗ 3 ಕೈಕೊಡುತ್ತದೆ: 2¹³ − 1 ಅಂದರೆ 8191 ಅವಿಭಾಜ್ಯವೇ ಆದರೂ ಸೊನ್ನೆ ಬರೋದಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಹಲಗೆ. ಪ್ರತಿ ಬದಿಗೂ 127 ಮನೆ ಇರುವ ಚದುರಂಗದ ಹಲಗೆಯಂಥದ್ದರ ಮೇಲೆ ಬೈನರಿಯಲ್ಲಿ (0 ಮತ್ತು 1 ಮಾತ್ರ ಬಳಸುವ ಬರಹದಲ್ಲಿ) ವರ್ಗ ಮಾಡುವ ಉಪಾಯವನ್ನು ಲುಕಾಸ್ ವಿವರಿಸಿದ್ದಾರೆ. ನಾನು ಮೊದಲು 7 ಮನೆಯದನ್ನು ಬರೆದೆ. 2⁷ − 1 ಅಂದರೆ 127, ಅಂದರೆ ದೊಡ್ಡ ಹಲಗೆಯ ಅಳತೆಯೇ ಈ ಸಣ್ಣ ಹಲಗೆಯ ಅವಿಭಾಜ್ಯ!

14ರ ವರ್ಗ ನೋಡಿ. ಬಲದಿಂದ ಎಡಕ್ಕೆ ಮನೆಗಳ ಬೆಲೆ 1, 2, 4, 8, 16, 32, 64. 14 ಅಂದರೆ 8 + 4 + 2. ಮೂರು ಸಾಲು, ಸಾಲಿಗೆ ಮೂರು ಹುಣಸೆ ಬೀಜ, ಒಂದೊಂದು ಸಾಲೂ ಒಂದೊಂದು ಮನೆ ಎಡಕ್ಕೆ. ಈಗ 4ರಿಂದ 64ರವರೆಗಿನ ಕಂಬಸಾಲುಗಳಲ್ಲಿ 1, 2, 3, 2, 1 ಬೀಜ. ಒಂದೇ ಕಂಬಸಾಲಲ್ಲಿ ಎರಡಿದ್ದರೆ ಎರಡನ್ನೂ ತೆಗೆದು ಎಡಕ್ಕೆ ಒಂದು ಇಡಬೇಕು. 64ರ ಜೋಡಿ ಮಾತ್ರ ಬಲತುದಿಯ 1ರ ಮನೆಗೆ ಬರುತ್ತದೆ. ಯಾಕಂದ್ರೆ 128ನ್ನು 127ರಿಂದ ಭಾಗಿಸಿದರೆ ಉಳಿಯೋದು 1 ತಾನೇ?

ಒಂಬತ್ತು ಬೀಜ ಕೊನೆಗೆ ಮೂರಾದವು: 64, 4, 1. ಮೊತ್ತ 69. 14ರ ವರ್ಗ 196, ಅದರಿಂದ 127 ಹೋದರೆ 69, ಸರಿಯಾಯ್ತು. 2 ಕಳೆದರೆ 67. ಭಾಗಾಕಾರ ಎಲ್ಲೂ ಮಾಡಲೇ ಇಲ್ಲ! 2ರ ಘಾತಕ್ಕೆ ಒಂದೇ ಒಂದು ಕಮ್ಮಿ ಇರುವ ಸಂಖ್ಯೆಗಳ ಪೂರ್ತಿ ಬಲ ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಪೂರ್ತಿ ಓಟ ಹೀಗೆ: 4, 14, 67, 42, 111, 0.

ಈಗ 11ರ ಹಲಗೆ ಬರೆದಿಟ್ಟಿದ್ದೇನೆ. 2¹¹ − 1 ಅಂದರೆ 2047 ಅವಿಭಾಜ್ಯ ಅಲ್ಲ, ಅದು 23 × 89. ಪೈಥಾನ್ ಪ್ರಕಾರ ಕೊನೆಗೆ 1736 ಉಳಿಯಬೇಕು. ಬೀಜಗಳಲ್ಲೂ ಅದೇ ಬಂದರೆ ಮುಂದಿನದು 13.