6.1 ಎಂದರೆ ಯಾರು?

ಸೋಮವಾರ ಒಂಬತ್ತು ಗಂಟೆ ದಾಟುವಷ್ಟರಲ್ಲಿ ಮೇಜಿನ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳತೊಡಗಿತು. ಹಲವರು ಒಟ್ಟಿಗೆ ಕೆಲಸ ಮಾಡುವ ಯಂತ್ರವಾದ ಟರ್ಮಿನಲ್ ಸರ್ವರ್‌ಗೆ ಲಾಗಾನ್ ಆದವರದೆಲ್ಲ ಒಂದೇ ದೂರು: ಕೀಲಿ ಒತ್ತಿದರೆ ಅಕ್ಷರ ಮೂಡುವ ಹೊತ್ತಿಗೆ ಒಂದು ಆಕಳಿಕೆ ಮುಗಿದಿರುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಒಂದೇ ಪ್ರೋಗ್ರಾಂ, ಬಂದವರ ತಲೆಗೊಂದರಂತೆ, ಸಾಲಾಗಿ ಓಡುತ್ತಿತ್ತು. ಅದನ್ನು ಹಚ್ಚಿದವನು ನಾನೇ.

ಡಿಸ್ಕನ್ನೆಲ್ಲ ಜಾಲಾಡಿ, ಇರುವ ಸಾಫ್ಟ್‌ವೇರ್‌ಗಳ ಪಟ್ಟಿ ತಯಾರಿಸುವ ಪ್ರೋಗ್ರಾಂ ಅದು. ಯಾರೇ ಲಾಗಾನ್ ಆದರೂ ತಾನಾಗಿ ಓಡುವ ಲಾಗಾನ್ ಸ್ಕ್ರಿಪ್ಟಿಗೆ ಶುಕ್ರವಾರ ಸಂಜೆ ಸೇರಿಸಿದ್ದೆ. (ಶುಕ್ರವಾರ ಸಂಜೆ ಸ್ಕ್ರಿಪ್ಟ್ ಮುಟ್ಟಬೇಡಿ ಎಂದು ಕಿರಿಯರಿಗೆ ಬುದ್ಧಿ ಹೇಳುವವನೂ ನಾನೇ.) ಸರ್ವರ್‌ಗಳನ್ನು ಹೊರಗಿಡಬೇಕೆಂಬ ಎಚ್ಚರವೇನೋ ಇತ್ತು. ಅದಕ್ಕೆಂದೇ, ವಿಂಡೋಸ್‌ನ ಒಳಗಿನ ಆವೃತ್ತಿ ಸಂಖ್ಯೆ 6.1 ಆಗಿದ್ದರೆ ಮಾತ್ರ ಓಡು ಎಂಬ ಷರತ್ತು ಹಾಕಿದ್ದೆ. ನನ್ನ ಲೆಕ್ಕದಲ್ಲಿ 6.1 ಎಂದರೆ ವಿಂಡೋಸ್ 7. ವಿಂಡೋಸ್ ಸರ್ವರ್ 2008 ಆರ್2 ಕೂಡ ಅದೇ 6.1 ಎಂಬುದು ಗೊತ್ತಿರಲಿಲ್ಲವೆಂದರೆ ಸುಳ್ಳಾದೀತು. ಗೊತ್ತಿತ್ತು, ಆ ಹೊತ್ತಿಗೆ ಹೊಳೆಯಲಿಲ್ಲ. ಇವೆಲ್ಲ ಜೋಡಿ ಹುಟ್ಟುಗಳು. ವಿಸ್ಟಾ ಮತ್ತು ಸರ್ವರ್ 2008 ಎರಡೂ 6.0, ವಿಂಡೋಸ್ 8 ಮತ್ತು ಸರ್ವರ್ 2012 ಎರಡೂ 6.2. ಸ್ಕ್ರಿಪ್ಟುಗಳು ಓದಲೆಂದು ವಿಂಡೋಸ್ ಇಟ್ಟಿರುವ ಓಎಸ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ ಅಂತೂ ಎಲ್ಲಿ ಕೇಳಿದರೂ ‘ವಿಂಡೋಸ್_ಎನ್‌ಟಿ’ ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ.

ಓಡುತ್ತಿದ್ದವನ್ನೆಲ್ಲ ನಿಲ್ಲಿಸಿದ ಮೇಲೆ ಪಕ್ಕದ ಸಹೋದ್ಯೋಗಿ, ‘ಸಿಸ್ಟಂನ ಹೆಸರಿನಲ್ಲಿ ಸರ್ವರ್ ಎಂಬ ಪದ ಇದೆಯೇ ಎಂದು ನೋಡಿದರೆ ಸಾಕಲ್ಲ’ ಎಂದರು. ನನಗೆ ಮನಸ್ಸಾಗಲಿಲ್ಲ. ಹೆಸರು ಇರುವುದು ಮನುಷ್ಯರು ಓದಲಿಕ್ಕೆ. ಹಿಂದೊಮ್ಮೆ ‘ಸರ್ವರ್ 2008’ ಎಂದು ಹುಡುಕಿ ಏನೂ ಸಿಗದೆ ಅರ್ಧ ದಿನ ಕಳೆದಿದ್ದೆ. ಆ ಎರಡು ಪದಗಳ ನಡುವೆ ನೋಂದಾಯಿತ ಟ್ರೇಡ್‌ಮಾರ್ಕಿನ ಪುಟ್ಟ ವೃತ್ತ ಕುಳಿತಿತ್ತು.

ಕೇಳಬೇಕಾದದ್ದು ಡಬ್ಲ್ಯುಎಂಐಯನ್ನು, ಅಂದರೆ ಯಂತ್ರದ ವಿವರ ಕೇಳಿದರೆ ಹೇಳುವ ವಿಂಡೋಸ್‌ನದೇ ವ್ಯವಸ್ಥೆಯನ್ನು. ಅಲ್ಲಿ ‘ಪ್ರಾಡಕ್ಟ್‌ಟೈಪ್’ ಎಂಬ ಗುಣವಿದೆ: 1 ಎಂದರೆ ವರ್ಕ್‌ಸ್ಟೇಷನ್ (ಮೇಜಿನ ಮೇಲಿನ ಸಾಮಾನ್ಯ ಕಂಪ್ಯೂಟರ್), 2 ಡೊಮೈನ್ ಕಂಟ್ರೋಲರ್ (ಜಾಲದಲ್ಲಿ ಲಾಗಾನ್ ಆಗುವವರನ್ನು ಪರಿಶೀಲಿಸುವ ಸರ್ವರ್), 3 ಉಳಿದ ಸರ್ವರ್. ‘3 ಆಗಿದ್ದರೆ ಓಡಬೇಡ’ ಎಂದು ಬರೆದು, ಟರ್ಮಿನಲ್ ಸರ್ವರ್‌ನಲ್ಲಿ ಪರೀಕ್ಷಿಸಿ, ಗೆದ್ದೆನೆಂದುಕೊಂಡು ಊಟಕ್ಕೆ ಹೋದೆ. ಮಧ್ಯಾಹ್ನ ಬೇರೇನೋ ಕೆಲಸಕ್ಕೆ ಡೊಮೈನ್ ಕಂಟ್ರೋಲರ್‌ಗೆ ಲಾಗಾನ್ ಆದರೆ, ಅದೇ ಪ್ರೋಗ್ರಾಂ ಅಲ್ಲಿ ನಿಶ್ಚಿಂತೆಯಿಂದ ಡಿಸ್ಕ್ ಜಾಲಾಡುತ್ತಿತ್ತು. ಅದು 2. ನಾನು ತಡೆದದ್ದು 3 ಅನ್ನು ಮಾತ್ರ. ಯಾರೂ ನೋಡಲಿಲ್ಲ ಎಂಬುದೊಂದೇ ಸಮಾಧಾನ. ‘1 ಆಗಿದ್ದರೆ ಮಾತ್ರ ಓಡು’ ಎಂದು ಷರತ್ತನ್ನೇ ತಿರುಗಿಸಿ ಬರೆದೆ.

ವರ್ಷಗಳ ನಂತರ ಹಲವರು ಒಟ್ಟಿಗೆ ಬಳಸುವ ಮಲ್ಟಿ-ಸೆಷನ್ ವಿಂಡೋಸ್ 10 ನಮ್ಮಲ್ಲಿಗೆ ಬಂತು. ಹೆಸರಿನಲ್ಲಿ ಎಲ್ಲಿಯೂ ‘ಸರ್ವರ್’ ಇಲ್ಲ, ಆದರೂ ಕೇಳಿದರೆ 3 ಎನ್ನುತ್ತದೆ. ಸ್ಕ್ರಿಪ್ಟ್ ಅದನ್ನು ಮುಟ್ಟದೆ ಸುಮ್ಮನೆ ಮುಂದೆ ಹೋಯಿತು. ಆ ಸಹೋದ್ಯೋಗಿಗೆ ಇದನ್ನು ಹೇಳಬೇಕೆಂದುಕೊಂಡೆ. ಅವರು ಆಗಲೇ ಬೇರೆ ಕೆಲಸಕ್ಕೆ ಹೋಗಿಬಿಟ್ಟಿದ್ದರು.