ಚೌಕು ಮಡಿಯ ಜೋಳ, ಎಂಟು ಜೋಡಿ ಅಂಕಿ

ವಿಜಯಪುರದ ಕಡೆ ಹಿಂಗಾರಿ ಬಿಳಿಜೋಳದ ರಾಶಿ ಮುಗಿಯುತ್ತ ಬಂದಿತ್ತು. ಚೌಕು ಮಡಿ, ಅಂದರೆ ಮಳೆನೀರು ನಿಂತು ಇಂಗಲೆಂದು ಹೊಲದಲ್ಲಿ ಸಣ್ಣ ಬದುಗಳಿಂದ ಮಾಡುವ ಚೌಕಗಳು, ಕಟ್ಟಿದರೆ ಇಳುವರಿ ಹೆಚ್ಚುತ್ತದೆಯೇ ಎಂದು ಲೆಕ್ಕ ಹಾಕುವುದನ್ನು ಕಲಿಯಲು ಬಂದವರಿಗೆ ತೋರಿಸಲು ಅಂದು ಇಡೀ ಮಧ್ಯಾಹ್ನ ಬೇಕಾಯಿತು. ಅಂಕಿಗಳು ಅಭ್ಯಾಸಕ್ಕೆಂದೇ ಬರೆದುಕೊಂಡವು. ಎಂಟು ಯರಿ ಹೊಲ. ಪ್ರತಿ ಹೊಲದಲ್ಲೂ ಅರ್ಧಕ್ಕೆ ಮಡಿ, ಉಳಿದರ್ಧ ಹಾಗೇ. ಎರಡೂ ಕಡೆ ಒಂದೊಂದು ಗುಂಟೆಯ ಕಾಳಿನ ತೂಕ, ಕಿಲೋದಲ್ಲಿ.

ಮಡಿ ಇಲ್ಲದ್ದು: 9, 11, 12, 13, 14, 16, 17, 20. ಸರಾಸರಿ 14.
ಮಡಿ ಇದ್ದದ್ದು: 12, 11, 16, 12, 16, 21, 18, 22. ಸರಾಸರಿ 16.

“ಎರಡ ಕಿಲೋ ಹೆಚ್ಚಿಗಿ ಬಂದೈತಲ್ರೀ ಸರ್, ಮತ್ಯಾಕ ಪರೀಕ್ಷೆ?” ಎಂದು ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಆದರೆ ಮಡಿ ಇಲ್ಲದ ಕಡೆಯೇ ತೂಕ 9ರಿಂದ 20ರ ತನಕ ಹಾರಾಡುತ್ತಿದೆ. ಅದರ ನಡುವೆ ಎರಡು ಕಿಲೋ ಸುಮ್ಮನೆ ಆಕಸ್ಮಿಕವಾಗಿಯೂ ಬಂದೀತು. ಆ ಅಂತರ ಆಕಸ್ಮಿಕವಾಗಿ ಎಷ್ಟು ಅತ್ತಿತ್ತ ಆದೀತು ಎಂಬ ಅಂದಾಜೇ ಮಾನಕ ದೋಷ. ಅಂತರವು ಅದರ ಎಷ್ಟು ಪಟ್ಟು ಎನ್ನುವುದೇ ಟಿ ಬೆಲೆ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ಗೊಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಬರೆದದ್ದೂ ಇಂಥ ಸಣ್ಣ ಮಾದರಿಗಳ ಬಗ್ಗೆಯೇ.

ಮೊದಲು ಎರಡು ಬೇರೆ ಬೇರೆ ಗುಂಪು ಎಂದುಕೊಂಡು ಮಾಡಿದೆವು. ಮಾನಕ ದೋಷ 1.94, ಟಿ 1.03. ಕೋಷ್ಟಕದಲ್ಲಿ 14 ಸ್ವಾತಂತ್ರ್ಯಾಂಶಕ್ಕೆ (16 ತೂಕಗಳಲ್ಲಿ ಎರಡು ಸರಾಸರಿಗೆಂದು ಎರಡು ಕಳೆದದ್ದು) ಶೇಕಡಾ 5ರ ಗಡಿ 2.145; ಮಡಿಯಿಂದ ಏನೂ ಆಗದಿದ್ದರೆ ಟಿ ಈ ಗಡಿ ದಾಟುವುದು ನೂರಕ್ಕೆ ಐದು ಸಲವಷ್ಟೇ. ದಾಟಲಿಲ್ಲ.

ತಪ್ಪಿದ್ದು ಇಲ್ಲೇ. ಒಂದೇ ಹೊಲದ ಎರಡು ಅರ್ಧಕ್ಕೆ ಮಣ್ಣೂ ಒಂದೇ, ಮಳೆಯೂ ಒಂದೇ, ಬಿತ್ತಿದ ಕೈಯೂ ಒಂದೇ. ಹೀಗಿರುವಾಗ ಪ್ರತಿ ಹೊಲದೊಳಗಿನ ವ್ಯತ್ಯಾಸ ತೆಗೆಯಬೇಕು: 3, 0, 4, -1, 2, 5, 1, 2. ಸರಾಸರಿ ಅದೇ 2. ಮಾನಕ ವಿಚಲನೆ, ಅಂದರೆ ಈ ವ್ಯತ್ಯಾಸಗಳ ಹರವಿನ ಅಳತೆ, 2. ಅದನ್ನು 8ರ ವರ್ಗಮೂಲದಿಂದ ಭಾಗಿಸಿದರೆ ಮಾನಕ ದೋಷ 0.707. ಟಿ 2.83, 7 ಸ್ವಾತಂತ್ರ್ಯಾಂಶಕ್ಕೆ ಗಡಿ 2.365. ದಾಟಿತು. ಒಳ್ಳೆ ಹೊಲ, ಕೆಟ್ಟ ಹೊಲ ಎಂಬ ಗದ್ದಲ ಕಳೆಯುವಿಕೆಯಲ್ಲೇ ಹೋಯಿತು.

ಎಕ್ಸೆಲ್‌ನಲ್ಲಿ ಟಿ.ಟೆಸ್ಟ್ ಸೂತ್ರದ ಕೊನೆಯ ಅಂಕಿ 1 ಎಂದರೆ ಜೋಡಿ. 2 ಸಮ ಹರವಿನ ಬೇರೆ ಗುಂಪು. 3 ಹರವು ಸಮವಿಲ್ಲದ ಬೇರೆ ಗುಂಪು. ಗುಂಪು ನಿಜಕ್ಕೂ ಬೇರೆಯಾಗಿದ್ದರೆ ಕಣ್ಣು ಮುಚ್ಚಿ 3 ಹಾಕುವುದೇ ಕ್ಷೇಮ.

ಅಷ್ಟರಲ್ಲಿ ಒಂದು ಲ್ಯಾಪ್‌ಟಾಪಿನಲ್ಲಿ ಟಿ 4.73 ಬಂತು! ಚಂದ ಕಾಣಲೆಂದು ಎರಡೂ ಕಂಬಸಾಲುಗಳನ್ನು ಬೇರೆ ಬೇರೆಯಾಗಿ ಏರಿಕೆ ಕ್ರಮಕ್ಕೆ ಜೋಡಿಸಿಬಿಟ್ಟಿದ್ದರು. ಸರಾಸರಿ ಬದಲಾಗಲಿಲ್ಲವಾದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ, ಆದರೆ ಯಾವ ಹೊಲದ ಜೋಡಿ ಯಾವುದೆಂಬುದೇ ಅಳಿಸಿಹೋಗಿತ್ತು. ಪಕ್ಕದಲ್ಲಿ ಹೊಲದ ಸಂಖ್ಯೆಯ ಸಾಲೊಂದನ್ನು ಇಟ್ಟು, ಇಡೀ ಕೋಷ್ಟಕವನ್ನು ಒಟ್ಟಿಗೇ ಆಯ್ದು ಜೋಡಿಸಿದರೆ ಈ ಎಡವಟ್ಟು ಆಗದು.

ನಿಜವಾಗಿ ತೂಗುವಾಗ ಬದುವಿಗೆ ತಾಗಿದ ಸಾಲು ಬಿಡಬೇಕು, ಅಲ್ಲಿ ನೀರು ಹೆಚ್ಚು ನಿಂತಿರುತ್ತದೆ. ಎರಡೂ ಕಡೆಯ ಕಾಳು ಒಂದೇ ಹದಕ್ಕೆ ಒಣಗಿರಬೇಕು. ಒಂದೇ ಹೊಲದಲ್ಲಿ ಎಂಟು ಕಡೆ ಕೊಯ್ದು ಎಂಟು ಹೊಲವೆಂದು ಬರೆಯುವ ಚಾಳಿಯೂ ಇದೆ; ಆ ಉತ್ತರ ಆ ಒಂದು ಹೊಲಕ್ಕಷ್ಟೇ.

ನಿಜವಾದ ಸರಾಸರಿ ಹೆಚ್ಚಳ ಗುಂಟೆಗೆ 0.33ರಿಂದ 3.67 ಕಿಲೋ ಒಳಗೆ ಇರಬಹುದು ಎಂದು ಶೇಕಡಾ 95ರ ವ್ಯಾಪ್ತಿ ಬಂತು. ಎಕರೆಗೆ 40 ಗುಂಟೆ: ಸುಮಾರು 13 ಕಿಲೋದಿಂದ 147 ಕಿಲೋ. ಬೋರ್ಡಿನ ಮೇಲೆ ಮಡಿ ಕಟ್ಟುವ ಕೂಲಿಯನ್ನು ಇದರ ಪಕ್ಕಕ್ಕೇ ಬರೆದೆವು.