ಅತ್ತೆಯ ಮುತ್ತಜ್ಜಿ

"ನಮ್ಮಜ್ಜಿಯನ್ನು ಹೆತ್ತು ಅವರ ತಾಯಿ ತೀರಿಕೊಂಡರಂತೆ." ನನ್ನ ಅತ್ತೆ ಯಾವಾಗಲೂ ಹೇಳುತ್ತಿದ್ದುದು ಇಷ್ಟೇ. ಅತ್ತೆ ಯಾರ್ಕ್‌ಷೈರ್‌ನವರು, ಈಗ 81 ವರ್ಷ. ನಾನು ಸಾಗರದಿಂದ ಬಂದ ಸೊಸೆ. ಕಳೆದ ಚಳಿಗಾಲ ಅವರು ಕಾಲಿಗೆ ಪೆಟ್ಟು ಮಾಡಿಕೊಂಡು ನಮ್ಮ ಲೀಡ್ಸ್ ಮನೆಯಲ್ಲೇ ಇದ್ದರು. ಹೊತ್ತು ಹೋಗಲಿ ಅಂತ ಇಬ್ಬರೂ ಕೂತು ಅವರ ವಂಶವೃಕ್ಷ ಬರೆಯಲು ಶುರು ಮಾಡಿದೆವು. ಆ ಮುತ್ತಜ್ಜಿಯ ಹೆಸರಿನ ಮುಂದೆ ಅತ್ತೆ ಪೆನ್ಸಿಲ್‌ನಲ್ಲಿ "1865–1889" ಎಂದು ಬರೆದರು.

ಅನುಮಾನ ಹುಟ್ಟಿದ್ದು 1891ರ ಜನಗಣತಿಯ ಹಾಳೆ ನೋಡಿದಾಗ. ಬ್ರಾಡ್‌ಫರ್ಡ್‌ನ ಒಂದು ಬೀದಿ. ಗಂಡ ಉಣ್ಣೆ ಮಿಲ್ಲಿನ ಕೆಲಸಗಾರ. ಎರಡು ವರ್ಷದ ಮಗು, ಮನೆ ನೋಡಿಕೊಳ್ಳಲು ಅವನ ತಂಗಿ. ಹೆಂಡತಿ ಇಲ್ಲ. ಆದರೆ ಅವನ ಹೆಸರಿನ ಮುಂದೆ "ವಿವಾಹಿತ" ಅಂತಿದೆ, "ವಿಧುರ" ಅಂತಿಲ್ಲ. ಹೆಂಡತಿ ಸತ್ತಿದ್ದರೆ ಹಾಗೇಕೆ ಬರೆಸುತ್ತಾನೆ? ಸಾವಿನ ದಾಖಲೆಗಳಲ್ಲಿ 1889, 90, 91 ಮೂರೂ ವರ್ಷ ಹುಡುಕಿದೆ. ಅವಳ ಹೆಸರಿಲ್ಲ.

ಒಂದು ಕಡೆ ಸಿಕ್ಕಳು. ವಿಕ್ಟೋರಿಯಾ ಕಾಲದಲ್ಲಿ ಹುಚ್ಚಾಸ್ಪತ್ರೆಗೆ ಸೇರಿದವರ ಹೆಸರನ್ನೆಲ್ಲ ಅಂಥ ಆಸ್ಪತ್ರೆಗಳ ಮೇಲೆ ಕಣ್ಣಿಡುವ ಲಂಡನ್ನಿನ ಕಮಿಷನರ್‌ಗಳಿಗೆ ಕಳಿಸಬೇಕಿತ್ತು. 1845ರ ಕಾಯ್ದೆಯಿಂದ ಬಂದ ವ್ಯವಸ್ಥೆ ಇದು. ಆ ರಿಜಿಸ್ಟರ್‌ಗಳು 1846ರಿಂದ 1912ರವರೆಗಿನವು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಆನ್‌ಲೈನ್‌ನಲ್ಲೂ ನೋಡಬಹುದು. ಒಬ್ಬೊಬ್ಬರಿಗೆ ಒಂದೊಂದೇ ಸಾಲು. ಹೆಸರು, ಸೇರಿದ ದಿನ, ಯಾವ ಆಸ್ಪತ್ರೆ, ಕೊನೆಗೆ ಗುಣವಾಗಿ ಹೋದರೋ ಸತ್ತರೋ. ಅವಳ ಸಾಲಿನಲ್ಲಿ: ಏಪ್ರಿಲ್ 1889, ಮೆನ್‌ಸ್ಟನ್. ಕೊನೆಯ ಕಾಲಂನಲ್ಲಿ: ಮರಣ, 1908.

ಹತ್ತೊಂಬತ್ತು ವರ್ಷ. ಅತ್ತೆ ಆ ಅಂಕಿಯನ್ನು ಬೆರಳಿನಲ್ಲಿ ಮತ್ತೆ ಎಣಿಸಿದರು.

ಮೆನ್‌ಸ್ಟನ್ನಿನ ಆಸ್ಪತ್ರೆ ತೆರೆದದ್ದು 1888ರಲ್ಲಿ. ವೇಕ್‌ಫೀಲ್ಡ್‌ನಲ್ಲಿ 1818ರಿಂದಲೇ ಒಂದಿತ್ತು, ಅದು ತುಂಬಿಹೋಗಿತ್ತು. ಅದಕ್ಕೇ ಈ ಹೊಸದು. ಹೆಸರಿನಲ್ಲಿ "ಪಾಪರ್" ಎಂಬ ಪದವಿತ್ತು, ಬಡಪಾಯಿ ಅಂತ. ಆ ಪದ ನೋಡಿ ಅತ್ತೆಗೆ ಬೇಸರವಾಯಿತು. ಆದರೆ ಖರ್ಚನ್ನು ಊರಿನ ಬಡವರ ನಿಧಿ ಕೊಟ್ಟರೆ ಸಾಕು, ಯಾರೇ ಆದರೂ "ಪಾಪರ್". ದುಡಿದು ತಿನ್ನುವ ಮಿಲ್ಲಿನ ಕುಟುಂಬಕ್ಕೂ ಅದೇ ಹಣೆಪಟ್ಟಿ.

ರೋಗಿಗಳ ದಾಖಲೆಗಳನ್ನು ಸಾಮಾನ್ಯವಾಗಿ ನೂರು ವರ್ಷ ಮುಚ್ಚಿಡುತ್ತಾರೆ. ಇವಳದು ತೆರೆದಿತ್ತು. ಮೊದಲೇ ತಿಳಿಸಿ ವೇಕ್‌ಫೀಲ್ಡ್‌ನ ಆರ್ಕೈವ್ಸ್‌ಗೆ ಹೋದೆ. ರೋಗಿಗಳ ವಿವರ ಬರೆದಿಡುವ ಕೇಸ್‌ಬುಕ್ ನಮ್ಮ ಹಳೇ ಲೆಕ್ಕದ ಪುಸ್ತಕದಷ್ಟು ದಪ್ಪ. ಮೆತ್ತನೆ ದಿಂಬಿನ ಮೇಲೆ ಇಟ್ಟುಕೊಟ್ಟರು. ಬಡ ರೋಗಿಯನ್ನು ಸೇರಿಸಲು ಮ್ಯಾಜಿಸ್ಟ್ರೇಟರ ಆದೇಶ, ಒಬ್ಬ ವೈದ್ಯರ ಸರ್ಟಿಫಿಕೇಟ್ ಬೇಕಿತ್ತು. ಆ ಸರ್ಟಿಫಿಕೇಟ್‌ನಲ್ಲಿ ಎರಡು ಭಾಗ. ವೈದ್ಯರು ತಾವೇ ಕಂಡದ್ದು ಒಂದು, ಬೇರೆಯವರು ಹೇಳಿದ್ದು ಇನ್ನೊಂದು. ವೈದ್ಯರು ಕಂಡದ್ದು: ಮಗು ತನ್ನದಲ್ಲ, ಯಾರೋ ಬದಲಾಯಿಸಿದ್ದಾರೆ ಎನ್ನುತ್ತಾಳೆ. ಗಂಡ ಹೇಳಿದ್ದು: ಐದು ರಾತ್ರಿಯಿಂದ ನಿದ್ದೆಯಿಲ್ಲ, ಬರಿಗಾಲಲ್ಲಿ ಬೀದಿಗೆ ಓಡುತ್ತಾಳೆ. ಮಗುವಿಗೆ ಆಗ ಮೂರು ವಾರ. ರೋಗದ ಹೆಸರು ಪ್ಯುಯರ್ಪೆರಲ್ ಮೇನಿಯಾ.

ಆ ರಾತ್ರಿ ಊರಿಗೆ ಫೋನ್ ಮಾಡಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಮ್ಮ ಪೂರ್ತಿ ಕೇಳಲೇ ಇಲ್ಲ. "ಬಾಣಂತಿ ಸನ್ನಿ ಕಣೇ ಅದು" ಅಂದುಬಿಟ್ಟಳು.

ಹೌದಲ್ವಾ! ನಮ್ಮ ಕಡೆ ಎಷ್ಟು ಕೇಳಿದ ಮಾತು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬಾಣಂತಿಯನ್ನು ಒಬ್ಬಳನ್ನೇ ಬಿಡಬೇಡಿ ಅನ್ನುವ ಅಜ್ಜಿಯರು. ಹತ್ತಿಯಿಂದ ಸನ್ನಿ ತಡೆಯಲಾಗದು, ಅದು ಗೊತ್ತು. ಆದರೆ ಜೊತೆಗೊಬ್ಬರು ಇರಬೇಕು ಅನ್ನುವುದಿದೆಯಲ್ಲ, ಆ ಮಾತನ್ನು ನಾನು ಬಿಟ್ಟುಕೊಡುವುದಿಲ್ಲ. ಹೆತ್ತ ಮೊದಲ ವಾರಗಳಲ್ಲೇ ಇದು ಜಾಸ್ತಿ ಬರುವುದು. ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಚಿಕಿತ್ಸೆಯಿಂದ ಗುಣವಾಗುತ್ತದೆ. ಈಗ ಇಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇರಿಸಿಕೊಳ್ಳುವ ವಾರ್ಡ್‌ಗಳಿವೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ. ಆ ಕಾಲದಲ್ಲೂ ಬಹಳ ಜನ ಕೆಲವು ತಿಂಗಳಲ್ಲಿ ಗುಣವಾಗಿ ಮನೆಗೆ ಹೋಗುತ್ತಿದ್ದರು. ಇವಳು ಹೋಗಲಿಲ್ಲ.

ಇಲ್ಲಿ ಒಂದು ಮಾತು. ಕಾದಂಬರಿ ಓದಿದ್ದಕ್ಕೆ ಹುಚ್ಚಾಸ್ಪತ್ರೆಗೆ ಹಾಕಿದರು ಅನ್ನುವ ಪಟ್ಟಿಯೊಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಅದು ಅಮೆರಿಕದ ವೆಸ್ಟ್ ವರ್ಜೀನಿಯಾದ ಆಸ್ಪತ್ರೆಯದು. ಇಂಗ್ಲೆಂಡಿನ ಪುಸ್ತಕಗಳಲ್ಲೂ ಅಂಥ ಕಾಲಂ ಇದೆ. ಅದರ ತಲೆಬರಹ "ಊಹಿಸಿದ ಕಾರಣ". ಮನೆಯವರು ತಮಗೆ ತೋಚಿದ್ದನ್ನು ಬರೆಸುತ್ತಿದ್ದರು. ಅದನ್ನೇ ಸೇರಿಸಿಕೊಂಡ ಕಾರಣ ಅಂತ ದಯವಿಟ್ಟು ಓದಬೇಡಿ. ನಮ್ಮವಳ ಕಾಲಂನಲ್ಲಿ "ಹೆರಿಗೆ" ಅಂತ ಒಂದೇ ಪದವಿದೆ.

ಕೇಸ್‌ಬುಕ್‌ನಲ್ಲಿ ಅವಳ ಬಗ್ಗೆ ಮೊದಲ ತಿಂಗಳು ವಾರವಾರ ಬರೆದಿದ್ದಾರೆ. ಆಮೇಲೆ ತಿಂಗಳಿಗೊಮ್ಮೆ. ಆಮೇಲೆ ಮೂರು ತಿಂಗಳಿಗೊಮ್ಮೆ, ಒಂದೇ ಸಾಲು: ಬದಲಾವಣೆಯಿಲ್ಲ. ಲಾಂಡ್ರಿಯಲ್ಲಿ ಒಳ್ಳೆಯ ಕೆಲಸಗಾರ್ತಿ. ಬದಲಾವಣೆಯಿಲ್ಲ. ಬೇಗಬೇಗ ಪುಟ ತಿರುಗಿಸುತ್ತಿದ್ದೆ. ಸುಮ್ನೆ ದಾಟಿ ಹೋಗಿಬಿಡುತ್ತಿದ್ದೆನೇನೋ. 1896ರಲ್ಲಿ ಒಂದು ಸಾಲು ಬೇರೆ ಇತ್ತು: ಮಗುವಿಗೆ ಹಾಲು ಕೊಡುವ ಹೊತ್ತಾಯಿತು, ಬಿಡಿ ಎಂದು ಕೇಳುತ್ತಾಳೆ. ಮಗುವಿಗೆ ಆಗ ಏಳು ವರ್ಷ. ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ.

ಗಂಡನ ಮೇಲೆ ನನಗೆ ಕೋಪವಿತ್ತು. ಈಗಿಲ್ಲ. ಆಗ ಹುಚ್ಚಿನ ಕಾರಣಕ್ಕೆ ಇಲ್ಲಿ ವಿಚ್ಛೇದನ ಸಿಗುತ್ತಿರಲಿಲ್ಲ, ಆ ಕಾನೂನು ಬಂದದ್ದು 1937ರಲ್ಲಿ. ಅವನು ಮತ್ತೆ ಮದುವೆಯಾಗುವಂತಿರಲಿಲ್ಲ. ಮಗಳಿಗೆ "ಅಮ್ಮ ಸತ್ತಳು" ಅಂದುಬಿಟ್ಟ. ಅವಳು ಬದುಕಿದ್ದದ್ದು ಹತ್ತು ಮೈಲಿ ದೂರದಲ್ಲಿ. ಇದನ್ನು ಮಾತ್ರ ಅತ್ತೆಗೆ ಇನ್ನೂ ಅರಗಿಸಿಕೊಳ್ಳಲು ಆಗಿಲ್ಲ. ಅವರನ್ನು ಎತ್ತಿ ಆಡಿಸಿದ ಅಜ್ಜಿಗೆ, ತಾಯಿ ನಿಜವಾಗಿ ಸತ್ತಾಗ ಹತ್ತೊಂಬತ್ತು ವರ್ಷ.

1908ರಲ್ಲಿ ಕ್ಷಯದಿಂದ ಸತ್ತಳು. ಆ ಆಸ್ಪತ್ರೆಗಳಲ್ಲಿ ಕ್ಷಯ ತುಂಬಾ ಜನರನ್ನು ಕೊಂದಿದೆ. ಹೆಣ ಒಯ್ಯಲು ಯಾರೂ ಬರದವರನ್ನು ಮೆನ್‌ಸ್ಟನ್ನಿನ ಬಕಲ್ ಲೇನ್‌ನಲ್ಲಿ ಹೂಳುತ್ತಿದ್ದರು. 1890ರಿಂದ 1969ರವರೆಗೆ 2,861 ಜನ. ಕಲ್ಲಿಲ್ಲ, ಹೆಸರಿಲ್ಲ. ಈಗ ಅದೊಂದು ಸ್ಮಾರಕ ಉದ್ಯಾನ. ಆಸ್ಪತ್ರೆ 2003ರಲ್ಲಿ ಮುಚ್ಚಿತು, ಆ ಕಟ್ಟಡಗಳಲ್ಲಿ ಈಗ ಜನ ಸಂಸಾರ ಮಾಡುತ್ತಿದ್ದಾರೆ.

ಮೇ ತಿಂಗಳಲ್ಲಿ ಅತ್ತೆಯನ್ನು ಕರೆದುಕೊಂಡು ಹೋದೆ. ಹುಲ್ಲು, ಮರ, ಒಂದು ಪುಟ್ಟ ಚಾಪೆಲ್. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅತ್ತೆ ಕೋಲೂರಿಕೊಂಡು ಹುಲ್ಲಿನ ಸುತ್ತ ಒಂದು ಸುತ್ತು ನಡೆದರು. ಆಮೇಲೆ, "ನಿಮ್ಮ ಅಮ್ಮ ಏನೋ ಹೆಸರು ಹೇಳಿದರಲ್ಲ, ಅದೇನು?" ಎಂದು ಕೇಳಿದರು. ಹೇಳಿಕೊಟ್ಟೆ. ಬಾ-ಣಂ-ತಿ. ಮೂರು ಸಲ ತಪ್ಪಿ ನಾಲ್ಕನೇ ಸಲ ಸರಿಯಾಗಿ ಅಂದರು. ಇಂಗ್ಲಿಷ್‌ನಲ್ಲಿ ಬಾಣಂತಿಗೆ ಹೀಗೆ ಒಂದೇ ಪದದ ಹೆಸರಿಲ್ಲವಲ್ಲ ಎಂದರು.

ಮನೆಗೆ ಬಂದು ಚಾರ್ಟ್ ಹರಡಿಕೊಂಡರು. 1889 ಅಳಿಸಿ 1908 ಎಂದು ಬರೆದರು. ಈ ಸಲ ಪೆನ್ನಿನಲ್ಲಿ.